ಅಂಗಳವೂ ಜಾಡಿಯೂ: ವಸಂತದ ಮನೆವಾರ್ತೆಯ ಚರಿತ್ರೆ



ಚರಿತ್ರೆ ಎಂದೊಡನೆಯೇ ನಮ್ಮ ಮನಸ್ಸು ಕೋಟೆಯ ಕಡೆಗೋ ಶಾಸನದ ಕಡೆಗೋ ಓಡುವುದು ರೂಢಿ. ಪಟ್ಟಾಭಿಷೇಕಕ್ಕೆ ತೇದಿಯುಂಟು, ದಂಡಯಾತ್ರೆಗೆ ಸಾಕ್ಷಿಯುಂಟು, ಆದುದರಿಂದ ಅವು ಚರಿತ್ರೆಯೆನಿಸಿದುವು. ಪ್ರತಿ ವರ್ಷವೂ ಚೈತ್ರಮಾಸವು ಸಮೀಪಿಸಿದಾಗ ಮನೆಯ ಮುಂದಿನ ಅಂಗಳದಲ್ಲಿ ನಡೆಯುವ ಕೆಲಸದ ತೇದಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆದರೂ ಆ ಕೆಲಸವು ಅನೇಕ ರಾಜವಂಶಗಳಿಗಿಂತ ಹೆಚ್ಚು ಕಾಲ ಬಾಳಿದೆ. ಯುಗಾದಿಯ ಸುಮಾರಿನಲ್ಲಿ ಕನ್ನಡನಾಡಿನ ಗೃಹಿಣಿಯರು ಮಾಡುತ್ತ ಬಂದಿರುವ ಎರಡು ಕಾರ್ಯಗಳನ್ನು ಇಂದು ಪರಿಶೀಲಿಸೋಣ. ಒಂದು, ಅಂಗಳವನ್ನು ಹಬ್ಬಕ್ಕಾಗಿ ಸಿಂಗರಿಸುವುದು. ಮತ್ತೊಂದು, ಮಳೆಗಾಲಕ್ಕೆ ಬೇಕಾದ ಸಂಡಿಗೆ, ಹಪ್ಪಳ, ಉಪ್ಪಿನಕಾಯಿಗಳನ್ನು ಬಿಸಿಲಿರುವಾಗಲೇ ಮಾಡಿಡುವುದು. ಮೇಲ್ನೋಟಕ್ಕೆ ಮೊದಲನೆಯದು ಅಲಂಕಾರ, ಎರಡನೆಯದು ಅವಶ್ಯಕತೆ. ಆದರೆ ಎರಡಕ್ಕೂ ನೆಲವೊಂದೇ, ಕೈಯೊಂದೇ.

ಮೊದಲು ಕಾಲಗಣನೆಯ ಮಾತು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಕೆತ್ತಿಸಿದ ಶಾಸನದಲ್ಲಿ ಶಕವರ್ಷ 465, ಎಂದರೆ ಕ್ರಿ. ಶ. 543, ಎಂದು ಕಾಲವನ್ನು ಹೇಳಿದೆ. ಚೈತ್ರ ಶುದ್ಧ ಪಾಡ್ಯಮಿಯಂದು ನಾವು ಹೊಸದಾಗಿ ಎಣಿಸತೊಡಗುವ ವರ್ಷವೂ ಅದೇ ಶಕೆಯದು. ನಡುವೆ ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನ ಹೆಸರಿನಲ್ಲಿಯೇ ಚಾಳುಕ್ಯ ವಿಕ್ರಮ ವರ್ಷವೆಂಬ ಹೊಸ ಗಣನೆಯನ್ನು ನಡೆಸಿದನು. ಅದರ ವರ್ಷಾರಂಭವೂ ಚೈತ್ರವೇ. ಅವನ ಕಾಲದ ನೂರಾರು ಶಾಸನಗಳು ಅದನ್ನು ಬಳಸಿದುವು. ಅವನ ವಂಶದ ಆಳ್ವಿಕೆ ಅಳಿದ ಬಳಿಕ ಆ ಶಕೆಯೂ ಮರೆಯಾಯಿತು. ಚಕ್ರವರ್ತಿಯು ವರ್ಷಗಳ ಸಂಖ್ಯೆಯನ್ನು ಬದಲಾಯಿಸಬಲ್ಲವನಾದನು. ಮನೆಮನೆಯ ಹಬ್ಬದ ದಿನವನ್ನು ಬದಲಾಯಿಸಲಿಲ್ಲ. ಚಾಂದ್ರಮಾನದವರು ಪಾಡ್ಯಮಿಯಂದು ಯುಗಾದಿಯನ್ನೂ, ಸೌರಮಾನವನ್ನು ಅನುಸರಿಸುವ ತುಳುನಾಡಿನವರು ಏಪ್ರಿಲ್ ನಡುವಿನಲ್ಲಿ ಬಿಸುವನ್ನೂ ಆಚರಿಸುತ್ತ ಬಂದಿದ್ದಾರೆ. ಲೆಕ್ಕ ಬೇರೆಯಾದರೂ ಋತು ಒಂದೇ: ಚಳಿ ಹೋಗಿ ಬಿಸಿಲು ಬಲಿತಿರುವ, ಮಳೆ ಇನ್ನೂ ದೂರವಿರುವ ಕಾಲ.

ಈ ಕಾಲವನ್ನು ಎದುರುಗೊಳ್ಳುವ ಸಿದ್ಧತೆಯು ಅಂಗಳದಿಂದಲೇ ಮೊದಲಾಗುತ್ತಿತ್ತು. ಹಳೆಯ ಮನೆಗಳಲ್ಲಿ ನೆಲವನ್ನು ಕೆರೆದು, ಕುಳಿಗಳಿಗೆ ಮಣ್ಣು ತುಂಬಿ, ತಟ್ಟಿ, ಸೆಗಣಿಯಿಂದ ಸಾರಿಸುವರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆಯನ್ನೂ ಬಾಗಿಲಿಗೆ ಮಾವಿನೆಲೆಯ ತೋರಣವನ್ನೂ ಏರ್ಪಡಿಸುವರು. ಬಳಿಕ ರಂಗವಲ್ಲಿ. ಬಯಲುಸೀಮೆಯಲ್ಲಿ ಬಿಳಿಯ ಕಲ್ಲಿನ ಪುಡಿ, ಅನುಕೂಲವಿದ್ದಲ್ಲಿ ಅಕ್ಕಿಯ ಹಿಟ್ಟು. ಚುಕ್ಕಿಗಳನ್ನು ಮೊದಲು ಸಾಲಾಗಿ ಇಟ್ಟು, ಆಮೇಲೆ ಎಳೆಯನ್ನು ಸುತ್ತಿಸುವ ಈ ವಿದ್ಯೆಯನ್ನು ಬಾಲಿಕೆಯು ಪುಸ್ತಕದಿಂದ ಕಲಿಯಲಿಲ್ಲ. ತಾಯಿಯ ಬೆನ್ನ ಹಿಂದೆ ನಿಂತು ಕಲಿತಳು. ಮಲೆನಾಡಿನ ಸಾಗರದ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆಚಿತ್ತಾರವು ಇದರ ಸೋದರಕಲೆ ಎನ್ನಬಹುದು.

ಇದು ಕೇವಲ ಹಳ್ಳಿಯ ಹವ್ಯಾಸವೆಂದು ತಿಳಿಯಬೇಕಾಗಿಲ್ಲ. ಮೇಲೆ ಹೇಳಿದ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಚಿತ್ರಕಲೆಯ ಬಗೆಗಳನ್ನು ಹೇಳುವಾಗ ಅವನು ಪುಡಿಯಿಂದ ಬರೆಯುವ ಧೂಳಿಚಿತ್ರವನ್ನೂ ಒಂದು ಬಗೆಯಾಗಿ ಎಣಿಸಿದ್ದಾನೆ. ಅದೇ ಗ್ರಂಥದಲ್ಲಿ ಅನ್ನಭೋಗವೆಂಬ ಅಡುಗೆಯ ಪ್ರಕರಣವೂ ಉಂಟು. ಗಜಶಾಸ್ತ್ರ, ರಾಜನೀತಿ, ಸಂಗೀತಗಳ ಜೊತೆಯಲ್ಲಿ ರಂಗವಲ್ಲಿಯ ಕುಲದ ಚಿತ್ರಕ್ಕೂ ಅಡುಗೆಗೂ ಒಬ್ಬ ಚಕ್ರವರ್ತಿಯು ಸ್ಥಾನವನ್ನು ಕೊಟ್ಟನೆಂಬುದು ಗಮನಿಸತಕ್ಕ ಅಂಶ. ಅವನಿಗೆ ಒಂದು ಶತಮಾನದ ಹಿಂದೆ, 1025ರ ಸುಮಾರಿನಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ವೈದ್ಯಗಳೊಡನೆ ಸೂಪಶಾಸ್ತ್ರವೂ ಸೇರಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಅಡುಗೆಗಾಗಿಯೇ ಸೂಪಶಾಸ್ತ್ರವೆಂಬ ಪದ್ಯಗ್ರಂಥವನ್ನು ಬರೆದನು. 1709ರಲ್ಲಿ ಕೆಳದಿಯ ಬಸವಪ್ಪನಾಯಕನ ಶಿವತತ್ತ್ವರತ್ನಾಕರವು ಮತ್ತೆ ಪಾಕವನ್ನು ಪ್ರಸ್ತಾಪಿಸಿತು. ಏಳು ಶತಮಾನಗಳ ಈ ಸಾಲು ನಮಗೆ ಹೆಮ್ಮೆಯ ವಿಷಯವೇ. ಆದರೆ ಈ ನಾಲ್ವರಲ್ಲಿ ಒಬ್ಬ ಗೃಹಿಣಿಯೂ ಇಲ್ಲ. ಕೈಯಲ್ಲಿ ವಿದ್ಯೆಯಿದ್ದವಳು ಒಬ್ಬಳು, ಲೇಖನಿಯಿದ್ದವನು ಮತ್ತೊಬ್ಬನು.

ಇನ್ನು ಮಧ್ಯಾಹ್ನದ ಅಂಗಳವನ್ನು ನೋಡೋಣ. ಬೆಳಗಿನ ರಂಗವಲ್ಲಿಗೆ ಒಂದು ಮೂಲೆಯನ್ನು ಬಿಟ್ಟು, ಉಳಿದ ಜಾಗದಲ್ಲಿ ಚಾಪೆ, ಅದರ ಮೇಲೆ ಒಗೆದ ಹಳೆಯ ಪಂಚೆ. ಸಂಡಿಗೆಗೆ ಅಕ್ಕಿಯನ್ನು ಕೆಲವು ದಿನ ನೆನೆಯಿಟ್ಟು, ದಿನದಿನವೂ ನೀರು ಬದಲಿಸಿ, ನುಣ್ಣಗೆ ರುಬ್ಬಿ, ಸೂರ್ಯೋದಯಕ್ಕೆ ಮುಂಚೆಯೇ ಉಪ್ಪು, ಜೀರಿಗೆ, ಇಂಗು ಸೇರಿಸಿ ಅಂಬಲಿಯಂತೆ ಕಾಸಿ ಗಟ್ಟಿಮಾಡುವರು. ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತಬೇಕು. ತಡವಾದರೆ ಹಿಟ್ಟು ಬಿಗಿದು ಕೈ ನೋಯುವುದು. ಅರಳಿನ ಸಂಡಿಗೆ, ಬೂದುಗುಂಬಳದ ಸಂಡಿಗೆ, ಉದ್ದಿನ ಹಪ್ಪಳ, ಮಲೆನಾಡಿನಲ್ಲಿ ಹಲಸಿನ ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ—ಇವೆಲ್ಲ ಈ ಎರಡು ತಿಂಗಳಿನ ಕೆಲಸ. ಕಾಗೆಯನ್ನು ಓಡಿಸಲು ಮಕ್ಕಳಿಗೆ ಒಂದು ಕೋಲು; ಅರೆ ಒಣಗಿದ ಸಂಡಿಗೆಯೇ ಅವರಿಗೆ ಸಂಬಳ. ಆಷಾಢದ ಜಡಿಮಳೆಯಲ್ಲಿ ಸೌದೆ ಒದ್ದೆಯಾಗಿ, ಸಂತೆಗೆ ಹೋಗುವ ದಾರಿ ಕೆಸರಾಗಿ, ತರಕಾರಿ ದುರ್ಲಭವಾದಾಗ ಅನ್ನ ಸಾರಿನ ಜೊತೆಗೆ ಏನಾದರೂ ಬೇಕಲ್ಲ? ಆ ದಿನಕ್ಕೆ ಬೇಕಾದುದನ್ನು ಚೈತ್ರದ ಬಿಸಿಲಿನಿಂದ ಸಾಲ ತೆಗೆದಿಡುವ ಉಪಾಯವಿದು. ಒಣಗಿದ ಪದಾರ್ಥದಲ್ಲಿ ನೀರಿಲ್ಲದುದರಿಂದ ಕೊಳೆಯು ಹಿಡಿಯುವುದಿಲ್ಲವೆಂಬ ತತ್ತ್ವವನ್ನು ಪ್ರಯೋಗಶಾಲೆಯು ವಿವರಿಸುವುದಕ್ಕೆ ಬಹುಕಾಲ ಮೊದಲೇ ಅಂಗಳವು ಆಚರಣೆಯಲ್ಲಿಟ್ಟಿತ್ತು.

ಆದರೆ ಸಂಪ್ರದಾಯವೆಂದರೆ ಬದಲಾಗದುದೆಂದು ಭಾವಿಸುವವರಿಗೆ ಜಾಡಿಯೊಳಗಿನ ಮೆಣಸಿನಕಾಯಿಯೇ ಉತ್ತರ. ಅದು ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮನು 1498ರಲ್ಲಿ ಮಲಬಾರಿಗೆ ಬಂದು, ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ತರುವಾಯವೇ ಅದು ನಮ್ಮ ನಾಡಿಗೆ ಹಬ್ಬಿತು. ಮಂಗರಸನ ಅಡುಗೆಮನೆಯಲ್ಲಿ ಖಾರವೆಂದರೆ ಕಾಳುಮೆಣಸು, ಶುಂಠಿ, ಸಾಸಿವೆ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ ಹೇಳುವುದು: ಹೊಸದಾಗಿ ಬಂದ ಕಾಯಿಗೆ ಬೇರೆ ಹೆಸರಿಲ್ಲದೆ, ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಕರಾವಳಿಯಲ್ಲಿ ಹಳೆಯದನ್ನು ಒಳ್ಳೆಮೆಣಸೆಂದು ಬೇರ್ಪಡಿಸಿಕೊಂಡರು. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ನಿಷಿದ್ಧ, ಕಾಳುಮೆಣಸು ವಿಹಿತ. ಪಿತೃಗಳಿಗೆ ಅವರ ಕಾಲದ ರುಚಿಯನ್ನೇ ಬಡಿಸುವ ಈ ಕ್ರಮವು ಚರಿತ್ರಕಾರನಿಗೆ ಒಂದು ಹಳೆಯ ಕಡತದಷ್ಟೇ ಉಪಯುಕ್ತ.

ಉಪ್ಪಿನಕಾಯಿಯ ಮಾತಿಗೆ ಬರೋಣ. ಉತ್ತರ ಕನ್ನಡದ ಶಿರಸಿಯ ಕಡೆ ಹುಟ್ಟಿ ಕುಮಟೆಯ ಬಳಿ ಕಡಲನ್ನು ಸೇರುವ ಅಘನಾಶಿನಿ ನದಿಯನ್ನು ತೆಗೆದುಕೊಳ್ಳಿ. ಮೇಲಣ ಘಟ್ಟದಲ್ಲಿ ಅದರ ದಡದ ಕಾಡುಮಾವಿನ ಮರಗಳು ಅಪ್ಪೆಮಿಡಿಯನ್ನು ಕೊಡುತ್ತವೆ. ಕೆಳಗೆ, ನದಿಯು ಅಳಿವೆಯಾಗುವ ಸಾಣಿಕಟ್ಟೆಯಲ್ಲಿ ಹಳೆಯ ಉಪ್ಪಿನ ಆಗರಗಳಿವೆ. ಒಂದೇ ನೀರು ತಲೆಯಲ್ಲಿ ಹುಳಿಯನ್ನೂ ಕಾಲಿನಲ್ಲಿ ಉಪ್ಪನ್ನೂ ಒದಗಿಸುವುದು. ಮಿಡಿಯನ್ನು ನೆಲಕ್ಕೆ ಬೀಳಿಸದೆ ತೊಟ್ಟಿನೊಡನೆ ಕೊಯ್ದು, ಬುಟ್ಟಿಯಲ್ಲಿ ಹಗ್ಗದಿಂದ ಇಳಿಸುವರು. ಪೆಟ್ಟು ಬಿದ್ದ ಒಂದು ಮಿಡಿಯು ಇಡೀ ಜಾಡಿಯನ್ನು ಕೆಡಿಸಬಲ್ಲುದು. ಬಟ್ಟೆಯಿಂದ ಒರಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು ತುಂಬಿದರೆ, ಉಪ್ಪು ಮಿಡಿಯ ನೀರನ್ನು ಎಳೆದು ಅದನ್ನು ಸುಕ್ಕಾಗಿಸುವುದು. ಆ ಉಪ್ಪುನೀರನ್ನೇ ಕಾಸಿ ಆರಿಸಿ, ಅದರಲ್ಲಿ ಸಾಸಿವೆಯನ್ನೂ ಮೆಣಸಿನಕಾಯಿಯನ್ನೂ ಅರೆದು ಬೆರೆಸುವರು. ಹದವಾಗಿ ಹಾಕಿದ ಮಿಡಿ ವರ್ಷಗಟ್ಟಲೆ ಗರಿಗರಿಯಾಗಿಯೇ ಉಳಿಯುವುದು.

ಇಲ್ಲಿ ಮನೆವಾರ್ತೆಗೂ ರಾಜಕಾರಣಕ್ಕೂ ಸಂಬಂಧವೆಲ್ಲಿ ಎಂದು ಕೇಳಬಹುದು. ಬ್ರಿಟಿಷ್ ಸರಕಾರವು ಉಪ್ಪಿನ ಮೇಲೆ ತೆರಿಗೆ ಹಾಕಿದಾಗ ಅದು ಜಾಡಿಯ ಮೇಲೆ ಹಾಕಿದ ತೆರಿಗೆಯೂ ಆಯಿತು. 1930ರ ಏಪ್ರಿಲ್ 6ರಂದು ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪನ್ನೆತ್ತಿದರು. ಅದೇ ತಿಂಗಳಿನಲ್ಲಿ ಅಂಕೋಲೆಯ ಕಡಲತೀರದಲ್ಲಿ ಜನರು ಕಾನೂನನ್ನು ಮೀರಿ ಉಪ್ಪು ಮಾಡಿದರು. ಬೇಸಗೆಯ ಆ ದಿನಗಳು ಮನೆಮನೆಗಳಲ್ಲಿ ಉಪ್ಪು ಸೇರುಗಟ್ಟಲೆ ಬೇಕಾಗುವ ದಿನಗಳು. ಉಪ್ಪು ಎಂಬುದು ಎಲ್ಲರ ಮನೆಯ ವಿಷಯವೆಂಬುದನ್ನು ಅಲ್ಲಿಯ ಗೃಹಿಣಿಗೆ ಯಾವ ಭಾಷಣಕಾರನೂ ತಿಳಿಸಬೇಕಾಗಿರಲಿಲ್ಲ. 1947ರಲ್ಲಿ ಆ ತೆರಿಗೆ ರದ್ದಾಯಿತು.

ಈ ವಿವರಗಳನ್ನೆಲ್ಲ ಹೇಳಿ, ಹಿಂದಿನ ಕಾಲವೇ ಸುವರ್ಣಕಾಲವೆಂದು ಮುಗಿಸುವುದು ಸುಲಭ. ಆದರೆ ಅದು ನ್ಯಾಯವಾಗದು. ಅಂಗಳವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಅದನ್ನು ಸಾರಿಸುವ ಸೆಗಣಿಯನ್ನು ಹೊತ್ತು ತಂದವಳಿಗೆ ಜಾಡಿಯಿದ್ದ ಕೋಣೆಯೊಳಗೆ ಪ್ರವೇಶವಿಲ್ಲದ ಮನೆಗಳು ಬಹಳವಿದ್ದುವು. ಅನೇಕ ಮೇಲುಜಾತಿಯ ಮನೆಗಳಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇರುತ್ತಿದ್ದಳು. ನಾಲ್ಕು ಗಂಟೆಗೆ ಎದ್ದು ಸಂಡಿಗೆಯ ಹಿಟ್ಟು ಕಾಸುವವಳು ಅವಳು. ಉಪ್ಪಿನ ಹದವನ್ನು ಕಣ್ಣಿನಿಂದಲೇ ಅಳೆಯುವವಳು ಅವಳು. ಹಬ್ಬದ ಬೆಳಗ್ಗೆ ಮಾತ್ರ ಹೊಸಿಲಿನಲ್ಲಿ ರಂಗವಲ್ಲಿ ಇಡುವ ಕೈ ಅವಳದಾಗುವಂತಿರಲಿಲ್ಲ. ಮಂಗಳಕಾರ್ಯಕ್ಕೆ ಎದುರಾಗದಂತೆ ಹಿತ್ತಲ ಕಡೆಗೆ ಸರಿಯಬೇಕಾಗಿತ್ತು. ಅವಳು ಮಾಡಿದ ಹಪ್ಪಳವು ಮಂಗಳ, ಅವಳು ಅಮಂಗಳೆ! ವಸಂತದ ಮನೆವಾರ್ತೆಯ ಚರಿತ್ರೆಯನ್ನು ಬರೆಯುವವನು ಈ ಸಾಲನ್ನು ಬಿಟ್ಟುಬಿಟ್ಟರೆ ಅವನು ಬರೆದುದು ಸ್ತೋತ್ರವಾದೀತು, ಚರಿತ್ರೆಯಾಗದು. ಅಂಥವರಲ್ಲಿ ಎಷ್ಟೋ ಮಂದಿ ಇದೇ ಹಪ್ಪಳ ಸಂಡಿಗೆಗಳನ್ನು ಮಾರಿ ಸ್ವತಂತ್ರವಾಗಿ ಬದುಕಿದರು ಎಂಬುದನ್ನೂ ಸೇರಿಸಿ ಹೇಳಬೇಕು.

ಅಂಗಳದಲ್ಲಿ ಕಲಿತ ವಿದ್ಯೆಯು ಅಂಗಳವಿಲ್ಲದ ಪಟ್ಟಣಕ್ಕೂ ಹೋಯಿತು. ಮುಂಬಯಿಯ ಗಿರಗಾಂವಿನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಗುಜರಾತಿ ಮಹಿಳೆಯರು 80 ರೂಪಾಯಿ ಸಾಲ ಮಾಡಿ, ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಅದೇ ಲಿಜ್ಜತ್ ಎಂಬ ಮಹಿಳೆಯರ ದೊಡ್ಡ ಸಹಕಾರೀ ಉದ್ಯಮವಾಗಿ ಬೆಳೆಯಿತು. ನಮ್ಮ ಮನೆಗಳಲ್ಲಿಯೂ ಅಂಗಳವು ಹಾಗೆಯೇ ಮಹಡಿಯನ್ನೇರಿತು. ಪದಾರ್ಥಗಳೂ ಬದಲಾದುವು. ಎರಡನೆಯ ಮಹಾಯುದ್ಧದಲ್ಲಿ ಪೂರ್ವದ್ವೀಪಗಳಿಂದ ಸಬ್ಬಕ್ಕಿ ಬರುವುದು ನಿಂತಾಗ, 1943ರ ಸುಮಾರಿನಲ್ಲಿ ಸೇಲಂ ಸೀಮೆಯಲ್ಲಿ ಮರಗೆಣಸಿನಿಂದ ಅದನ್ನು ಮಾಡತೊಡಗಿದರು. ಇಂದು ನಾವು ಪುರಾತನವೆಂದು ಭಾವಿಸಿ ತಿನ್ನುವ ಸಬ್ಬಕ್ಕಿ ಸಂಡಿಗೆಯ ಒಳಗೆ ಮಹಾಯುದ್ಧದ ಕಥೆಯೊಂದು ಅಡಗಿದೆ. ಆದುದರಿಂದ ಬದಲಾವಣೆಗೆ ನಾವು ಹೆದರಬೇಕಾಗಿಲ್ಲ. ಮೆಣಸಿನಕಾಯಿಯನ್ನು ನುಂಗಿಕೊಂಡ ಸಂಪ್ರದಾಯವು ಮಹಡಿಯನ್ನೂ ನುಂಗಿಕೊಳ್ಳಬಲ್ಲುದು.

ಹೆದರಬೇಕಾದುದು ಬೇರೊಂದಕ್ಕೆ. ಈ ವಿದ್ಯೆಯ ಅಳತೆಗಳು ಬಹುಪಾಲು ಬರೆಹದಲ್ಲಿಲ್ಲ. ಎಷ್ಟು ಮಿಡಿಗೆ ಎಷ್ಟು ಉಪ್ಪು, ಹಿಟ್ಟು ಯಾವ ಹದಕ್ಕೆ ಬಂದಾಗ ಒಲೆಯಿಂದ ಇಳಿಸಬೇಕು, ಇಷ್ಟು ಚುಕ್ಕಿಗೆ ಎಳೆ ಯಾವ ಕಡೆಯಿಂದ ತಿರುಗಬೇಕು—ಇವೆಲ್ಲ ಮುದುಕಿಯರ ಕೈಯಲ್ಲಿವೆ. ಕೈ ನಿಂತರೆ ವಿದ್ಯೆಯೂ ನಿಲ್ಲುವುದು. ರಾಜರ ಶಾಸನವು ಒಡೆದರೂ ಉಳಿದ ಅಕ್ಷರಗಳನ್ನು ಓದಬಹುದು. ರಂಗವಲ್ಲಿಯು ಸಂಜೆಯ ಹೊತ್ತಿಗೆ ಕಾಲ್ತುಳಿತದಲ್ಲಿ ಅಳಿಸಿಹೋಗುವುದು. ಆದುದರಿಂದ ಶ್ರೋತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಯುಗಾದಿಗೆ ಬೇವು ಬೆಲ್ಲವನ್ನು ಹಂಚಿ, ಪಂಚಾಂಗವನ್ನು ಕೇಳಿ ಮುಗಿಸಿದ ಮೇಲೆ, ನಿಮ್ಮ ಮನೆಯ ಹಿರಿಯಳ ಬಳಿಗೆ ಒಂದು ನೋಟುಪುಸ್ತಕದೊಡನೆ ಹೋಗಿರಿ. ಅವಳು ಒಂದು ಹಿಡಿ ಎಂದರೆ ಆ ಹಿಡಿಯನ್ನು ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಳ್ಳಿರಿ. ಅವಳ ರಂಗವಲ್ಲಿಗಳನ್ನು ಚುಕ್ಕಿಗಳ ಲೆಕ್ಕದೊಡನೆ ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಅದಕ್ಕೆ ಮೊದಲು ಪುಟದ ಮೇಲ್ಗಡೆ ಅವಳ ಹೆಸರನ್ನೂ, ಯಾರಿಂದ ಕಲಿತಳೋ ಅವರ ಹೆಸರನ್ನೂ, ವರ್ಷವನ್ನೂ ಬರೆಯಿರಿ. ಸೋಮೇಶ್ವರನಿಗೂ ಮಂಗರಸನಿಗೂ ಅಡುಗೆಯನ್ನು ಮಾಡಿ ಬಡಿಸಿದವರ ಹೆಸರು ನಮಗೆ ದೊರೆಯಲಿಲ್ಲ. ನಮ್ಮ ಮೊಮ್ಮಕ್ಕಳಿಗೆ ಆ ಕೊರತೆ ಇರಬಾರದು.