ರಾಜಲಾಂಛನದ ಮುದ್ರಿತ ಪ್ರತಿಕೃತಿಗಳು: ಇಂಗ್ಲೆಂಡಿನ ನಿದರ್ಶನ

ಯುರೋಪಿನ ಮಧ್ಯಯುಗದ ಅರಸರ ಗುರಾಣಿ ಲಾಂಛನಗಳು ಇಂದು ಗೋಡೆಯನ್ನು ಅಲಂಕರಿಸುವ ಮುದ್ರಿತ ಚಿತ್ರಗಳಾಗಿ ಬಳಕೆಯಲ್ಲಿವೆ. ರಣರಂಗದಲ್ಲಿಯೂ ರಾಜಮುದ್ರೆಯಲ್ಲಿಯೂ ಒಡೆತನವನ್ನು ಸಾರುತ್ತಿದ್ದ ಈ ಚಿಹ್ನೆಗಳು ಚೌಕಟ್ಟಿನೊಳಗೆ ಸೇರಿದಾಗ ಉಳಿಯುವುದು ಅಂದ; ಮರೆಯಾಗುವುದು ಕಾಲ. ಇಂಗ್ಲೆಂಡಿನ ರಾಜಲಾಂಛನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಒಂದನೆಯ ರಿಚರ್ಡನ ಎರಡನೆಯ ಮಹಾಮುದ್ರೆಯಲ್ಲಿ, 12ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಒಂದರ ಕೆಳಗೊಂದರಂತೆ ಸಾಗುವ ಮೂರು ಸಿಂಹಗಳು ಕಾಣಿಸಿಕೊಂಡವು. ಫ್ರಾನ್ಸಿನ ನಾಲ್ಕನೆಯ ಫಿಲಿಪ್‌ನ ಮಗಳ ಮಗನಾದ ಮೂರನೆಯ ಎಡ್ವರ್ಡ್ 1340ರಲ್ಲಿ ತಾನು ಫ್ರಾನ್ಸಿಗೂ ಅರಸನೆಂದು ಘೋಷಿಸಿಕೊಂಡನು. ಆಗ ಗುರಾಣಿಯನ್ನು ನಾಲ್ಕು ಭಾಗ ಮಾಡಿ, ಒಂದನೆಯ ಹಾಗೂ ನಾಲ್ಕನೆಯ ಭಾಗಗಳಲ್ಲಿ ಫ್ರೆಂಚ್ ಅರಸರ ಚಿನ್ನದ ಲಿಲಿ ಹೂಗಳನ್ನು ಇರಿಸಲಾಯಿತು. ತನ್ನ ಕುಲದ ಸಿಂಹಗಳನ್ನು ಎರಡನೆಯ ಸ್ಥಾನಕ್ಕೆ ಸರಿಸಿದ್ದು ವಿನಯದಿಂದಲ್ಲ, ಯುದ್ಧದ ಹಕ್ಕೊತ್ತಾಯದಿಂದ. ಅಂದು ಆ ಹೂಗಳು ನೀಲಿ ನೆಲದ ತುಂಬ ಚೆಲ್ಲಿದಂತಿದ್ದವು. ಮುಂದೆ ಫ್ರೆಂಚ್ ಅರಸರು ಅವುಗಳನ್ನು ಮೂರಕ್ಕೆ ಇಳಿಸಿದರು. 15ನೆಯ ಶತಮಾನದ ಆರಂಭದಲ್ಲಿ ನಾಲ್ಕನೆಯ ಹೆನ್ರಿಯ ಕಾಲಕ್ಕೆ ಇಂಗ್ಲೆಂಡಿನಲ್ಲಿಯೂ ಇದೇ ಮಾರ್ಪಾಡು ನಡೆಯಿತು. ಆದುದರಿಂದ ಮೂರೇ ಹೂಗಳುಳ್ಳ ಗುರಾಣಿಯನ್ನು 1346ರ ಕ್ರೆಸಿ ಕದನದ ಲಾಂಛನವೆಂದು ಮುದ್ರಿಸಿದರೆ ಅದು ಕಲೆಗಾರನ ಸ್ವಾತಂತ್ರ್ಯವೆನಿಸದು, ಇತಿಹಾಸದ ತಪ್ಪೆನಿಸುತ್ತದೆ. ಆ ಹೂಗಳು ಇಂಗ್ಲೆಂಡಿನ ಲಾಂಛನದಿಂದ ಮರೆಯಾದದ್ದು 1801ರಲ್ಲಿ.

ಹಾಗೆಂದು ಹಳೆಯ ಚಿತ್ರವನ್ನು ಗೆರೆಗೆರೆಯಾಗಿ ನಕಲಿಸಬೇಕೆಂಬ ನಿಯಮವಿಲ್ಲ. ಲಾಂಛನಶಾಸ್ತ್ರದಲ್ಲಿ ಲಾಂಛನವನ್ನು ನಿರ್ಧರಿಸುವುದು ಮಾತಿನ ವರ್ಣನೆ: ನೆಲದ ಬಣ್ಣ ಯಾವುದು, ಪ್ರಾಣಿ ಯಾವುದು, ಎಷ್ಟು, ಯಾವ ಭಂಗಿಯಲ್ಲಿದೆ ಎಂಬುದಷ್ಟೇ. ಸಿಂಹದ ಕೇಸರ, ಬಾಲದ ಬಳುಕು ಚಿತ್ರಕಾರನಿಗೆ ಬಿಟ್ಟವು. ಮಧ್ಯಯುಗದ ಕುಶಲಿಗಳು ಈ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡರು.

ಮುದ್ರಣ ಬಂದಾಗ ಬಣ್ಣವೇ ಸಮಸ್ಯೆಯಾಯಿತು. ಕಪ್ಪು ಶಾಯಿಯೊಂದರಲ್ಲಿಯೇ ಬಣ್ಣಗಳನ್ನು ಸೂಚಿಸುವ ಗೆರೆಗಳ ಪದ್ಧತಿಗಳು 17ನೆಯ ಶತಮಾನದಲ್ಲಿ ರೂಪುಗೊಂಡವು. ಜೆಸ್ವಿಟ್ ಪಾದ್ರಿ ಪೆತ್ರಾ ಸಾಂಕ್ತಾ 1638ರ ತನ್ನ ಗ್ರಂಥದಲ್ಲಿ ಬಳಸಿದ ಪದ್ಧತಿ ನೆಲೆನಿಂತಿತು: ಲಂಬರೇಖೆ ಕೆಂಪಿಗೆ, ಅಡ್ಡರೇಖೆ ನೀಲಿಗೆ, ಚುಕ್ಕೆಗಳು ಚಿನ್ನಕ್ಕೆ, ಬರಿಯ ನೆಲ ಬೆಳ್ಳಿಗೆ. ಈ ಗೆರೆಗಳನ್ನು ಅಲಂಕಾರದ ಕುಸುರಿಯೆಂದು ಭಾವಿಸಿ ಅವುಗಳ ಮೇಲೆ ಬೇರೆ ಬಣ್ಣ ಬಳಿದರೆ ಲಾಂಛನವೇ ಬದಲಾಗುತ್ತದೆ. 19ನೆಯ ಶತಮಾನದ ವರ್ಣ ಕಲ್ಲಚ್ಚು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಸೇಂಟ್ ಜಾನ್ ಹೋಪ್ 1901ರಲ್ಲಿ ಪ್ರಕಟಿಸಿದ, ವಿಂಡ್ಸರಿನ ಗಾರ್ಟರ್ ಪದವೀಧರ ವೀರರ ಆಸನಫಲಕಗಳ ಸಂಪುಟದಲ್ಲಿ ಮೂಲದ ಅಳತೆಯ ವರ್ಣಪ್ರತಿಕೃತಿಗಳಿವೆ. ಮೂಲವೂ ಅಳತೆಯೂ ತಿಳಿದಿರುವುದರಿಂದ ಅವು ಸಂಶೋಧಕನಿಗೂ ಉಪಯುಕ್ತ.

ಮೂಲವೆಂಬುದೂ ಸರಳವಲ್ಲ. ಎಡ್ವರ್ಡನ ಹಿರಿಯ ಮಗ, 1376ರಲ್ಲಿ ತೀರಿಕೊಂಡ 'ಕಪ್ಪು ರಾಜಕುಮಾರ'ನ ಮೇಲಂಗಿ ಕ್ಯಾಂಟರ್ಬರಿ ಕೆಥೆಡ್ರಲಿನಲ್ಲಿ ಉಳಿದುಬಂದಿದೆ. ಅದರ ಮೇಲೆ ಚೆಲ್ಲಿದಂತಿರುವ ಲಿಲಿಗಳೂ ಸಿಂಹಗಳೂ ಇವೆಯಾದರೂ, ಕೆಂಪು-ನೀಲಿ ಮಖಮಲ್ಲು ಮಾಸಿ ಕಂದಾಗಿದೆ. ಸಮಾಧಿಯ ಮೇಲೆ ಹೊಳೆಯುವ ಬಣ್ಣಗಳಲ್ಲಿ ತೂಗುತ್ತಿರುವುದು 20ನೆಯ ಶತಮಾನದ ಪ್ರತಿಕೃತಿ. ಎರಡರಲ್ಲಿ ಯಾವುದನ್ನು ನೋಡಿ ಬರೆಯಲಾಯಿತೆಂಬುದನ್ನು ಮುದ್ರಿತ ಚಿತ್ರದ ಅಡಿಯಲ್ಲಿ ಒಂದು ಸಾಲಿನಲ್ಲಿ ತಿಳಿಸಬಹುದು.