ಗಾಳ ಅರಸನದು, ಅರಿವು ಯಾರದು?

ರೋಣ, ನರಗುಂದ, ಗಜೇಂದ್ರಗಡದ ಕರಿಮಣ್ಣಿನ ಬಯಲಿಗೂ ಮೀನುಬೇಟೆಗೂ ಎತ್ತಣ ನಂಟು ಎಂದು ಯಾರಾದರೂ ಕೇಳಿಯಾರು. ಬಿಳಿಜೋಳ, ಕಡಲೆ, ಹತ್ತಿಯ ಸೀಮೆ ಇದು. ಆದರೂ ಕೊಣ್ಣೂರು, ಹೊಳೆಆಲೂರುಗಳ ಮಗ್ಗುಲಲ್ಲೇ ಮಲಪ್ರಭೆ ಹರಿಯುತ್ತದೆ, ಬೆಣ್ಣೆಹಳ್ಳ ಬಂದು ಅದನ್ನು ಸೇರುತ್ತದೆ. ಗಜೇಂದ್ರಗಡದ ಹತ್ತಿರದ ಸೂಡಿಯಂತೂ ಹನ್ನೊಂದನೆಯ ಶತಮಾನದಲ್ಲಿ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತು ಎಂಬ ನಾಡಿನ ದೊಡ್ಡ ಊರು. ಆಕೆಯ ಕಲ್ಯಾಣ ಚಾಲುಕ್ಯ ವಂಶದಲ್ಲೇ ಮುಂದೆ ಬಂದ ಮೂರನೆಯ ಸೋಮೇಶ್ವರ, 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಬೇಟೆಯನ್ನು ಹೊಟ್ಟೆಪಾಡಾಗಿ ಅಲ್ಲ, ವಿನೋದವಾಗಿ ವಿವರಿಸಿದ. ‘ಮತ್ಸ್ಯವಿನೋದ’ ಎಂಬ ಭಾಗವೇ ಅದರಲ್ಲಿದೆ. ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು ಎಂದು ಬೇರ್ಪಡಿಸಿ, ಯಾವುದಕ್ಕೆ ಎಂಥ ಎರೆ, ದಾರ, ಕೋಲು, ಕೊಕ್ಕೆ ಹೇಗಿರಬೇಕು ಎಂಬುದರವರೆಗೆ ವಿವರ ಇಳಿಯುತ್ತದೆ.

ಇದೆಲ್ಲ ಆಸ್ಥಾನದ ಆಡಂಬರ, ಸಂಸ್ಕೃತದ ಪಟ್ಟಿ ಕಟ್ಟುವ ಚಟ ಎಂದು ತಳ್ಳಿಹಾಕಬಹುದು. ಅರಸುಗ್ರಂಥಗಳಲ್ಲಿ ಆ ಚಟ ಇದ್ದೇ ಇದೆ. ಆದರೆ ಒಂದು ಮೀನು ಹಿಟ್ಟಿನ ಉಂಡೆಗೆ ಬರುತ್ತದೆ, ಇನ್ನೊಂದು ಮಾಂಸಕ್ಕೆ ಮಾತ್ರ ಬಾಯಿ ಹಾಕುತ್ತದೆ ಎಂಬುದು ಶಾಸ್ತ್ರ ಓದಿ ತಿಳಿಯುವ ಮಾತಲ್ಲ. ಮಡುವಿನ ದಂಡೆಯಲ್ಲಿ ವರ್ಷಗಟ್ಟಲೆ ಕೂತವರು ಹೇಳಬೇಕು. ಆ ಮೀನುಗಾರರ ಹೆಸರು ಅರಸನ ಪುಸ್ತಕಕ್ಕೆ ಬೇಕಾಗಲಿಲ್ಲ. ನಮ್ಮ ನಾಡಿನ ಗಾಳದ ಮೋಜಿನ ಚರಿತ್ರೆ ಮೊದಲಿನಿಂದಲೂ ಇದೇ ಜಾಡಿನದು: ಮೋಜು ಒಬ್ಬರದು, ನೀರಿನ ಅರಿವು ಮತ್ತೊಬ್ಬರದು.

ಇಂಗ್ಲಿಷರು ಬಂದ ಮೇಲೆಯೇ ಇಲ್ಲಿ ಗಾಳ ಆಟವಾಯಿತು ಎನ್ನುವವರಿದ್ದಾರೆ. ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಅವರ ದೊಡ್ಡ ಸಾಕ್ಷಿ. ಒಳ್ಳೆಯ ಪುಸ್ತಕವೇ, ಆದರೆ ಸೋಮೇಶ್ವರನಿಗಿಂತ ಏಳು ಶತಮಾನ ತಡ. ಇಂಗ್ಲಿಷರ ಕಾಲ ತಂದದ್ದು ತೂಕ, ದಾಖಲೆಗಳ ಗೀಳು. 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮೀನು ಮೈಸೂರಿನ ವಾನ್ ಇಂಗೆನ್ ಹೆಸರಲ್ಲಿ ದಾಖಲಾಯಿತು. ಮುಂದೆ ಕಾವೇರಿಯ ಭೀಮೇಶ್ವರಿಯಲ್ಲಿ ಅತಿಥಿಗಳು ರಾತ್ರಿ ತಂಗಿ ಗಾಳ ಹಾಕುವ ಶಿಬಿರ ನಡೆದಾಗ, ಹರಿಗೋಲು ನಡೆಸಿ, ಬಂಡೆಗಳ ಸಂದು ತೋರಿಸಿ, ರಾಗಿಹಿಟ್ಟು ಬೇಯಿಸಿ ನಾದಿ ಕೊಕ್ಕೆಗೆ ಉಂಡೆ ಕಟ್ಟಿಕೊಟ್ಟವರು ಆ ದಂಡೆಯ ಹಳ್ಳಿಗರು. ಹಿಟ್ಟಿನ ಉಂಡೆಯ ಮಟ್ಟಿಗೆ ಎಂಟು ಶತಮಾನದಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ!

ಅರಸನ ಊಳಿಗವೂ ಕೂಲಿ ಪಡೆವ ಗೈಡಿನ ಕೆಲಸವೂ ಒಂದೇ ಅಲ್ಲ, ನಿಜ. ಕೂಲಿಗೆ ಲೆಕ್ಕವುಂಟು, ಬೇಡವೆನ್ನುವ ಹಕ್ಕುಂಟು. ಆದರೆ ಕೆಲಸದ ಹಂಚಿಕೆ ಅದೇ. ನಮ್ಮಲ್ಲಷ್ಟೇ ಅಲ್ಲ, ಅಮೆರಿಕದ ಮಿನ್ನೆಸೋಟಾದಲ್ಲಿ ಹೆಪ್ಪುಗಟ್ಟಿದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಗುಡಿಸಲಲ್ಲಿ ರಾತ್ರಿ ಕಳೆದು ವಾಲೈ ಮೀನಿಗೆ ಕಾಯುವ ಗಿರಾಕಿಗೂ ಮಂಜುಗಡ್ಡೆ ಕೊರೆದ ತೂತು ಸಿದ್ಧವಾಗಿಯೇ ಸಿಗುತ್ತದೆ. ಹಿಡಿದ ಮೀನಿನ ಜೊತೆ ಪಟ ತೆಗೆಸಿಕೊಳ್ಳುವವನು ಮಾತ್ರ ಗಿರಾಕಿ.

ಭೀಮೇಶ್ವರಿಯದೂ ಸೇರಿ ಕಾವೇರಿ ವನ್ಯಜೀವಿಧಾಮದೊಳಗಿನ ಗಾಳದ ಶಿಬಿರಗಳು 2010ರ ಆಸುಪಾಸಿನಲ್ಲಿ ಕಾನೂನಿನ ಬಿಗಿಗೆ ಸಿಕ್ಕಿ ನಿಂತವು. ಹಿಡಿದು ಮತ್ತೆ ನೀರಿಗೆ ಬಿಡುವುದು ಬೇಟೆಯೋ ರಕ್ಷಣೆಯೋ ಎಂಬ ಚರ್ಚೆ ಮುಂದುವರಿಯಿತು. ಅತಿಥಿಗಳು ಬೇರೆ ಹೊಳೆ ಹುಡುಕಿಕೊಂಡರೆ ಆಯಿತು. ಒಂದೇ ಹೊಳೆಯ ಮಡುಗಳನ್ನು ಬಲ್ಲ ಗೈಡಿಗೆ ಆ ದಾರಿಯಿರಲಿಲ್ಲ.