ಗರ್ಭಕೊರಳಿನ ಕ್ಯಾನ್ಸರ್: ಗಡ್ಡೆಯಿಂದ ವೈರಾಣುವಿನವರೆಗೆ

ಯಾವ ಸೋಂಕಿನಿಂದ ಬರುತ್ತದೆಂದು ಗೊತ್ತಿದೆ, ತಡೆಯಲು ಲಸಿಕೆಯಿದೆ, ಕ್ಯಾನ್ಸರ್ ಆಗುವ ಮೊದಲೇ ಪತ್ತೆ ಹಚ್ಚುವ ಪರೀಕ್ಷೆಯಿದೆ. ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಆಡಬಹುದಾದಷ್ಟು ಭರವಸೆಯ ಮಾತನ್ನು ಉಳಿದ ಹೆಚ್ಚಿನ ಕ್ಯಾನ್ಸರ್‌ಗಳ ಬಗ್ಗೆ ಆಡಲಾಗದು. ಹಾಗಿದ್ದೂ ಜಾಗತಿಕ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಹೆಂಗಸರಲ್ಲಿ ಇದು ಕಾಣಿಸಿಕೊಂಡಿತು. 80 ಸಾವಿರದಷ್ಟು ಮಂದಿ ತೀರಿಕೊಂಡರು. ವೈದ್ಯವಿಜ್ಞಾನ ಹೆಜ್ಜೆಹೆಜ್ಜೆಗೂ ರೋಗದ ಮೂಲದತ್ತ ಸರಿಯಿತು. ಆದರೆ ನಮ್ಮ ರೋಗಿಗಳಲ್ಲಿ ಬಹುಪಾಲು ಇಂದಿಗೂ ಆಸ್ಪತ್ರೆ ಸೇರುವುದು ರೋಗ ಬಲಿತ ಮೇಲೆಯೇ.

ಮೊದಲಿಗೆ ವೈದ್ಯರ ಕಣ್ಣಿಗೆ ಬಿದ್ದದ್ದು ಬೆಳೆದ ಗಡ್ಡೆ. ವಿಯೆನ್ನಾದ ಅರ್ನ್ಸ್ಟ್ ವರ್ಟ್‌ಹೈಮ್ 1898ರಲ್ಲಿ ಗರ್ಭಕೋಶವನ್ನು ಸುತ್ತಲಿನ ಅಂಗಾಂಶಗಳ ಸಮೇತ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಕೈಹಾಕಿದರು. ಅದೇ ವರ್ಷ ಪತ್ತೆಯಾದ ರೇಡಿಯಂ ಕೆಲವೇ ವರ್ಷಗಳಲ್ಲಿ ಈ ಗಡ್ಡೆಯ ಪಕ್ಕದಲ್ಲೇ ಇಡುವ ಔಷಧವಾಯಿತು.

ಗಡ್ಡೆಗಿಂತ ಹಿಂದಿನ ಹಂತವನ್ನು ನೋಡಬಹುದೆಂದು ತೋರಿಸಿದವರು ಗ್ರೀಸ್‌ನಿಂದ ನ್ಯೂಯಾರ್ಕ್‌ಗೆ ಬಂದು ನೆಲೆಸಿದ ಜಾರ್ಜ್ ಪಾಪನಿಕೊಲಾವ್. ಲೋಳೆಯಲ್ಲಿ ಉದುರಿದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದರೆ ಕ್ಯಾನ್ಸರ್ ಗುರುತು ಸಿಗುತ್ತದೆಂದು ಅವರು 1928ರಲ್ಲಿ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಜೊತೆ 1941ರಲ್ಲಿ ಬರೆದ ಪ್ರಬಂಧದ ನಂತರವೇ ಪ್ಯಾಪ್ ಪರೀಕ್ಷೆ ಜಗತ್ತಿಗೆ ಪರಿಚಯವಾಯಿತು.

ಕಾರಣದ ಹುಡುಕಾಟ ಇದಕ್ಕೂ ಹಳೆಯದು. ಇಟಲಿಯ ರಿಗೋನಿ-ಸ್ಟರ್ನ್ 1842ರಲ್ಲಿ ವೆರೋನಾದ ಮರಣ ದಾಖಲೆಗಳನ್ನು ಜಾಲಾಡಿ, ಗರ್ಭಕೋಶದ ಕ್ಯಾನ್ಸರ್ ಕ್ರೈಸ್ತ ಸನ್ಯಾಸಿನಿಯರಲ್ಲಿ ಅಪರೂಪವೆಂದು ಗಮನಿಸಿದ್ದರು. ದೇಹಸಂಪರ್ಕದಿಂದ ಹರಡುವ ಏನೋ ಒಂದಿದೆ ಎಂಬ ಗುಮಾನಿ ಅಲ್ಲಿಂದ ಬೆಳೆಯಿತು. ಹರ್ಪಿಸ್ ವೈರಾಣುವಿನ ಮೇಲೆ ಬಹುಕಾಲ ಅನುಮಾನವಿತ್ತು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅದನ್ನು ಒಪ್ಪದೆ, ನರುಲಿ ಬರಿಸುವ ಪ್ಯಾಪಿಲೋಮಾ ವೈರಾಣುಗಳ (ಎಚ್‌ಪಿವಿ) ಬೆನ್ನು ಹತ್ತಿದರು. ಅವರ ತಂಡ 1983ರಲ್ಲಿ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ತಳಿಗಳನ್ನು ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕ್ಯಾನ್ಸರ್‌ನ ಸುಮಾರು ಶೇಕಡಾ 70ರಷ್ಟು ಪ್ರಕರಣಗಳಿಗೆ ಈ ಎರಡು ತಳಿಗಳೇ ಕಾರಣ.

ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಹೋಗುತ್ತವೆ. ಹೋಗದೆ ಉಳಿದದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ, ತಂಬಾಕು, ಚಿಕ್ಕ ವಯಸ್ಸಿನ ಬಸಿರು, ಹೆಚ್ಚು ಹೆರಿಗೆ ಇವು ಅಪಾಯವನ್ನು ಏರಿಸುತ್ತವೆ. ಪತ್ತೆ ಹಚ್ಚಲು ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್ ಅಪರೂಪ.

ಆ ಅವಕಾಶವನ್ನು ಬಡ ಊರುಗಳಲ್ಲಿ ಬಳಸಿಕೊಳ್ಳುವ ದಾರಿ ತೋರಿಸಿದ್ದು ಭಾರತವೇ. ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ, ತಜ್ಞರು ಬೇಕು. ಅದರ ಬದಲು ತೆಳು ಅಸಿಟಿಕ್ ಆಮ್ಲ ಸವರಿ, ಬಿಳಿಚಿಕೊಂಡ ಭಾಗವನ್ನು ಬರಿಗಣ್ಣಿನಲ್ಲೇ ನೋಡುವ ವಿಧಾನವನ್ನು ಟಾಟಾ ಸ್ಮಾರಕ ಆಸ್ಪತ್ರೆ ಮುಂಬಯಿಯ ಕೊಳೆಗೇರಿಗಳಲ್ಲಿ ಪರೀಕ್ಷಿಸಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರೇ ಮಾಡಿದ ಈ ತಪಾಸಣೆಯಿಂದ ಈ ಕ್ಯಾನ್ಸರ್‌ನ ಸಾವು ಶೇಕಡಾ 31ರಷ್ಟು ಇಳಿಯಿತು. ಬೀದರ್, ಕಲಬುರಗಿಗಳಿಗೆ ಅಂಟಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು: ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಲಸಿಕೆ ಬಂದದ್ದು 2006ರಲ್ಲಿ. ಭಾರತದ ಒಂದು ಅಧ್ಯಯನದಲ್ಲಿ ಲಸಿಕೆ ನೀಡುವುದು 2010ರಲ್ಲಿ ನಡುವೆಯೇ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಟ್ಟಲೆ ಅವರ ಮೇಲೆ ನಿಗಾ ಇಟ್ಟಾಗ ಆ ಒಂದು ಡೋಸೇ ಗಟ್ಟಿ ರಕ್ಷಣೆ ಕೊಟ್ಟಿರುವುದು ಕಂಡಿತು. ಒಂದು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಲು ಇದೂ ಒಂದು ಆಧಾರ. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ ಅನುಮತಿ ದೊರೆಯಿತು.

ಚಿಕಿತ್ಸೆಯೂ ನಿಂತಲ್ಲೇ ನಿಂತಿಲ್ಲ. ಕ್ಯಾನ್ಸರ್ ಪೂರ್ವದ ಗಾಯವನ್ನು ಶೀತದಿಂದಲೋ ಶಾಖದಿಂದಲೋ ನಾಶಮಾಡಿ, ರೋಗಿಯನ್ನು ಅದೇ ದಿನ ಮನೆಗೆ ಕಳಿಸಬಹುದು. ಆರಂಭದ ಗಡ್ಡೆಗೆ ಶಸ್ತ್ರಚಿಕಿತ್ಸೆ. ಇಲ್ಲಿ ಹೊಸದೆಲ್ಲ ಮೇಲಲ್ಲ: ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಗಿಂತ ಹೊಟ್ಟೆ ತೆರೆದು ಮಾಡುವ ಹಳೆಯ ವಿಧಾನದಲ್ಲೇ ಹೆಚ್ಚು ಮಂದಿ ಬದುಕುಳಿದರೆಂದು 2018ರ ಅಧ್ಯಯನವೊಂದು ತೋರಿಸಿತು. ರೋಗ ಸುತ್ತಲಿಗೆ ಹರಡಿದ್ದರೆ, ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧ ಕೊಡುವ ಪದ್ಧತಿ 1999ರಿಂದ ನೆಲೆಗೊಂಡಿದೆ. ದೇಹದ ರೋಗನಿರೋಧಕ ಶಕ್ತಿಯನ್ನು ಬಳಸಿಕೊಳ್ಳುವ ಪೆಂಬ್ರೋಲಿಜುಮ್ಯಾಬ್‌ನಂಥ ಔಷಧಗಳು ಈಚಿನವು; ಬೆಲೆ ಮಾತ್ರ ಬಡವರ ಕೈಗೆಟುಕದು.

ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಆದರೆ ಲಕ್ಷಣಕ್ಕೆ ಕಾಯುವುದೆಂದರೆ ತಡವಾಗುವುದೆಂದೇ ಅರ್ಥ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ಶೇಕಡಾ 2ಕ್ಕಿಂತ ಕಡಿಮೆ.

ಬ್ರಿಟನ್ನಿನ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿ 1960ರ ದಶಕದಿಂದಲೇ ಪ್ಯಾಪ್ ಪರೀಕ್ಷೆ ಇತ್ತು. ಆದರೆ ದೊಡ್ಡ ಫಲ ಕಂಡದ್ದು 1988ರಲ್ಲಿ ಪ್ರತಿ ಹೆಂಗಸಿನ ಹೆಸರನ್ನೂ ಪಟ್ಟಿಗೆ ಸೇರಿಸಿ, ಪತ್ರ ಬರೆದು ಕರೆಯತೊಡಗಿದ ಮೇಲೆ. ಹಾಗೆ ಕರೆಯುವುದು ನಮಗೆ ಹೊಸತೇನಲ್ಲ. ತಾಯಿ ಕಾರ್ಡ್ ಹಿಡಿದು ಬಸುರಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ನಮ್ಮಲ್ಲಿದ್ದಾರೆ. ಮೂವತ್ತು ದಾಟಿದ ಹೆಂಗಸನ್ನೂ ಅವರು ಹೆಸರು ಹಿಡಿದು ಕರೆಯುವಂತಾಗಬೇಕು, ಆ ಕೆಲಸಕ್ಕೆ ತಕ್ಕ ಸಂಬಳವೂ ಅವರಿಗೆ ಸಿಗಬೇಕು.